ಮೌಶಿಯ ಮಗಳಿಗೆ ಬಂದ ಸ್ಕಾಲರ್‌ಶಿಪ್

ಕಳೆದ ವಾರ ನನ್ನ ಹೊಲಿಗೆ ಮೆಷಿನನ್ನು ಕದ್ರಿಯ ಒಂದು ಅಂಗಡಿಗೆ ರಿಪೇರಿಗೆ ಕೊಂಡುಹೋಗಿದ್ದೆ. ಅಂಗಡಿಯವನು ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಹಳೆ ಬಟ್ಟೆಯಿಂದ ಒರೆಸುತ್ತಿದ್ದ. ಆ ತೆಳು ಎಣ್ಣೆಯ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಬಂದರಿನ ನಮ್ಮ ಹಳೆಯ ಓಣಿಯಲ್ಲಿದ್ದೆ. ಪಕ್ಕದ ಮನೆಯ ಮೌಶಿಯ ಸೆರಗಿಗೆ, ಬೆರಳಿಗೆ, ಕೊನೆಗೆ ಅವರು ನಮಗೆ ಕೊಡುತ್ತಿದ್ದ ಬಿಸ್ಕತ್ತಿಗೂ ಇದೇ ವಾಸನೆ ಇರುತ್ತಿತ್ತು...

ಮೌಶಿ ಬೊಂಬಾಯಿಯವರು. ಗಂಡನಿಗೆ ಇಲ್ಲಿ ಹಡಗಿನ ಕಂಪೆನಿಯೊಂದರಲ್ಲಿ ಕೆಲಸವಾಗಿ ಬಂದವರು, ಗಂಡ ತೀರಿಕೊಂಡ ಮೇಲೂ ಒಬ್ಬಳೇ ಮಗಳನ್ನು ಇಟ್ಟುಕೊಂಡು, ರವಿಕೆ ಹೊಲಿದುಕೊಂಡು ಇಲ್ಲೇ ಉಳಿದರು. ಮನೆಯಲ್ಲಿ ಮಾತು ಮರಾಠಿ, ಚಿಕ್ಕಮ್ಮನಿಗೆ ಮೌಶಿ ಎನ್ನುವುದನ್ನು ನಾನು ಕಲಿತದ್ದೂ ಅವರಿಂದಲೇ. ಓಣಿಯವರು ಅವರನ್ನು ಕ್ರಿಶ್ಚಿಯನ್ನರು ಎಂದರು, ಗುಜರಾತಿನ ಕಡೆಯ ಸಾಬರು ಎಂದರು, ಪುಣೆಯ ಬ್ರಾಹ್ಮಣರು ಎಂದವರೂ ಇದ್ದರು. ಯಹೂದಿಗಳು ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯಲಿಕ್ಕೆ ಮಂಗಳೂರಿನಲ್ಲಿ ಇನ್ನೊಂದು ಯಹೂದಿ ಮನೆ ಇದ್ದರಲ್ಲವೇ? ಮೀನು ಮಾರುವ ಹೆಂಗಸು ಮಾತ್ರ ಬುಟ್ಟಿ ಇಳಿಸಿ ತಮಾಷೆ ಮಾಡುತ್ತಿದ್ದಳು. "ಏಡಿ ಬೇಡ, ಸಿಗಡಿ ಬೇಡ, ಮರುವಾಯಿ ಬೇಡ... ಹಾಗಾದ್ರೆ ನೀವು ಮಂಗಳೂರಲ್ಲಿ ಎಂತಕ್ಕೆ ಇರುವುದು ಬಾಯಮ್ಮ?" ಅವರ ಧರ್ಮದ ಕ್ರಮದಲ್ಲಿ ಹುರುಪೆ, ರೆಕ್ಕೆ ಎರಡೂ ಇರುವ ಮೀನಷ್ಟೇ ಆಗುತ್ತಿದ್ದದ್ದು. ಮೌಶಿ ನಕ್ಕು ಬಂಗುಡೆ ಆರಿಸಿಕೊಳ್ಳುತ್ತಿದ್ದರು.

ಶುಕ್ರವಾರ ಸೂರ್ಯ ಮುಳುಗುವ ಮೊದಲು ಅವರು ದೀಪ ಹಚ್ಚಬೇಕು. ದಪ್ಪ ಗಾಜಿನ ಲೋಟದಲ್ಲಿ ನೀರು, ಅದರ ಮೇಲೆ ತೆಂಗಿನೆಣ್ಣೆ, ಎಣ್ಣೆಯಲ್ಲಿ ಬತ್ತಿ. ಹಚ್ಚಿದ ಮೇಲೆ ಮರುದಿನ ನಕ್ಷತ್ರ ಕಾಣುವವರೆಗೆ ಮನೆಯಲ್ಲಿ ಕೆಲಸವಿಲ್ಲ. ಹೊಲಿಯುವಂತಿಲ್ಲ, ಬರೆಯುವಂತಿಲ್ಲ, ಬೆಂಕಿ ಮುಟ್ಟುವಂತಿಲ್ಲ, ಉರಿಯುವ ದೀಪವನ್ನು ಇಟ್ಟ ಜಾಗದಿಂದ ಕದಲಿಸುವಂತೆಯೂ ಇಲ್ಲ. ಬಂದ ಹೊಸತರಲ್ಲಿ ಅವರು ಬೊಂಬಾಯಿಯಿಂದ ತಂದ ತಮ್ಮವರ ಕ್ಯಾಲೆಂಡರ್ ನೋಡಿ ದೀಪ ಹಚ್ಚುತ್ತಿದ್ದರಂತೆ. ಬೇಸಿಗೆ ಬಂತು. ಒಂದು ಶುಕ್ರವಾರ ಅವರಿನ್ನೂ ಬತ್ತಿ ಹೊಸೆಯುತ್ತಿದ್ದಾಗಲೇ ನಮ್ಮ ಮಸೀದಿಯಲ್ಲಿ ಸೂರ್ಯ ಮುಳುಗಿದಾಗಿನ ಮಗ್ರಿಬ್ ಬಾಂಗ್ ಕೂಗಿಬಿಟ್ಟರು. ಬೊಂಬಾಯಿಯ ಸೂರ್ಯ ಬೇರೆ, ಮಂಗಳೂರಿನ ಸೂರ್ಯ ಬೇರೆ ಎಂದು ಅವರಿಗೆ ಗೊತ್ತಾದದ್ದು ಹಾಗೆ. ಮೌಶಿ ಅಳುತ್ತಾ ನಮ್ಮ ಮನೆಗೆ ಬಂದರು, ನನ್ನ ಉಮ್ಮ ಅವರಿಗೆ ನೀರು ಕೊಟ್ಟು ಕೂರಿಸಿದರು. ಅಂದಿನಿಂದ ಒಂದು ಪದ್ಧತಿಯಾಯಿತು. ಶುಕ್ರವಾರ ಮಗ್ರಿಬ್ ನಮಾಜಿಗೆಂದು ಉಮ್ಮ ಬಾಂಗಿಗೆ ಸ್ವಲ್ಪ ಮೊದಲೇ ಕೈಕಾಲು ತೊಳೆಯಲು ನಲ್ಲಿಯ ಹತ್ತಿರ ಹೋದ ಕೂಡಲೇ ನಾನು ಗೋಡೆಯ ಮೇಲಿಂದ ಇಣುಕಿ ಕೂಗಬೇಕು. "ಮೌಶೀ, ಹೊತ್ತಾಯಿತು!"

ಮೌಶಿಯ ಮಗಳು ನನ್ನ ಕ್ಲಾಸಿನವಳು. ಪಿಯುಸಿ ಮುಗಿದಾಗ ಅವಳಿಗೆ ಊರಿನಲ್ಲೇ ನರ್ಸಿಂಗ್ ಸೀಟು ಸಿಕ್ಕಿತು. ಫೀಸು ಕಟ್ಟುವುದು ರವಿಕೆ ಹೊಲಿದು ಆಗುವ ಮಾತಾಗಿರಲಿಲ್ಲ. ಬೊಂಬಾಯಿಯಲ್ಲಿ ಅವರ ಸಮಾಜದ ಟ್ರಸ್ಟ್ ಒಂದು ಓದುವ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತಿತ್ತು. ಆದರೆ ಅದಕ್ಕೊಂದು ಕ್ರಮವಿತ್ತು. ಟ್ರಸ್ಟಿನ ಹಿರಿಯರೊಬ್ಬರು ಮನೆಗೆ ಬರುತ್ತಾರೆ, ಅವರ ಎದುರಿಗೇ ಕೂತು ಮಕ್ಕಳು ತಮ್ಮ ಮನೆಯ ಆಚಾರದ ಬಗ್ಗೆ ಒಂದು ಪುಟ ಬರೆಯಬೇಕು. ಮೊದಲು ಅಂಚೆಯಲ್ಲಿ ತರಿಸುತ್ತಿದ್ದರಂತೆ. ಯಾರ್ಯಾರೋ ಬರೆದುಕೊಟ್ಟದ್ದು ಬರಲು ಶುರುವಾದ ಮೇಲೆ ಹೀಗೆ. ಚೆನ್ನಾಗಿ ಬರೆದವರಿಗೆ ಬಹುಮಾನ ಬೇರೆ. ಇದು ತಪ್ಪಿದರೆ ಸೀಟು ಬಿಡುವುದೇ. ಅದನ್ನು ಮೌಶಿ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಆ ವಾರ ಅವರ ಮೆಷಿನು ಬೆಳಿಗ್ಗೆಯಿಂದ ನಿಲ್ಲದೆ ಓಡುತ್ತಿತ್ತು.

ಹಿರಿಯರು ಶುಕ್ರವಾರ ಬೆಳಿಗ್ಗೆ ಬರಬೇಕಿತ್ತು. ಗುಡ್ಡ ಜರಿದು ರೈಲು ತಡವಾಗಿತ್ತು. ಮಧ್ಯಾಹ್ನವಾಯಿತು, ಆಟೋ ಬರಲಿಲ್ಲ. ಮಗಳು ಗೋಡೆಯ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು.

"ಇವತ್ತೊಂದು ದಿನ ಸ್ವಲ್ಪ ತಡ ಮಾಡಿ ಕೂಗು ಮಾರಾಯ್ತಿ. ನಾನು ಬರೆದು ಮುಗಿಸುವವರೆಗೆ."

ನಾನು ಒಳಗೆ ಹೋಗಿ ಉಮ್ಮನಿಗೆ ಹೇಳಿದೆ. ಉಮ್ಮ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ. "ನೀನು ಕೂಗದಿದ್ದರೆ ಸೂರ್ಯ ನಿಲ್ತದಾ? ಅವರು ನಮ್ಮನ್ನು ನಂಬಿ ಕೂತದ್ದು. ಕೂಗು."

ಕೊನೆಗೂ ಹಿರಿಯರು ಬಂದಾಗ ಸೂರ್ಯ ಹೊಳೆಯಾಚೆ ಬೆಂಗ್ರೆಯ ತೆಂಗಿನ ತಲೆಯ ಮೇಲಿದ್ದ. ನಾನು ಮೌಶಿಯ ಜಗಲಿಯಲ್ಲಿ ಕೂತಿದ್ದೆ. ಅವರು ಚಹಾ ಕುಡಿದರು. ರೈಲು ನಿಂತ ಕಥೆ ಹೇಳಿದರು. ಮೌಶಿಯ ಗಂಡನ ತಂದೆಯನ್ನು ತಾನು ಕಂಡದ್ದರ ಕಥೆ ಹೇಳಿದರು. ಎದ್ದು ಹೋಗಿ ಅವರ ಕೈಯಿಂದ ಕಪ್ಪು ಕಸಿಯೋಣವೆನ್ನುವಷ್ಟು ಸಿಟ್ಟು ಬಂತು ನನಗೆ! ಕೆಟ್ಟವರಲ್ಲ ಅವರು. ಆದರೆ ಮಾತಿಗೆ ಕೂತರೆ ಹೊತ್ತಿನ ಪರಿವೆ ಇಲ್ಲದ ಮನುಷ್ಯ. ಮಗಳು ಖಾಲಿ ಹಾಳೆ, ಪೆನ್ನು ಇಟ್ಟುಕೊಂಡು, ಅವರು ಬರೆ ಎನ್ನುವುದನ್ನೇ ಕಾಯುತ್ತಾ ಮೇಜಿನ ಎದುರು ಕೂತೇ ಇದ್ದಳು.

ಆಗ ನಮ್ಮ ಹಿತ್ತಿಲಲ್ಲಿ ನಲ್ಲಿಯ ನೀರಿನ ಸದ್ದು ಕೇಳಿತು.

ಗೋಡೆಯಿಂದ ಇಣುಕುವ ಕೆಲಸವೇ ಇರಲಿಲ್ಲ, ಅವರ ಜಗಲಿಯಲ್ಲೇ ಇದ್ದೆನಲ್ಲ. ಮಗಳು ನನ್ನನ್ನು ನೋಡಿದಳು. ಆ ನೋಟ... "ಮೌಶಿ, ಹೊತ್ತಾಯಿತು" ಎಂದೆ.

ಮೌಶಿ ಎದ್ದರು. ಸೆರಗನ್ನು ತಲೆಗೆ ಹೊದ್ದು, ಗೋಡೆಯ ಗೂಡಿನಲ್ಲಿಟ್ಟಿದ್ದ ದೀಪ ಹಚ್ಚಿ, ಕಣ್ಣಿಗೆ ಕೈ ಮುಚ್ಚಿ ಪ್ರಾರ್ಥನೆ ಹೇಳಿದರು. ಹಿರಿಯರೂ ಎದ್ದು ನಿಂತರು. ಮುಗಿದ ಕೂಡಲೇ ಗಡಿಯಾರ ನೋಡಿ, ಇನ್ನು ಬೇಗ ಬರೆದುಬಿಡು ಮಗಳೇ ಎಂದರು. ಅವರದು ಹಿಂದಿ. ಕೊಚ್ಚಿಗೆ ಸಂಜೆಯ ಗಾಡಿಗೆ ಟಿಕೇಟು ಆಗಿತ್ತು.

"ಇನ್ನು ಬರೀಲಿಕ್ಕೆ ಆಗುವುದಿಲ್ಲ. ನಾಳೆ ನಕ್ಷತ್ರ ಕಾಣುವವರೆಗೆ ಇಲ್ಲೇ ಇರಿ," ಎಂದರು ಮೌಶಿ.

"ಪ್ರಯಾಣದಲ್ಲಿರುವವರಿಗೆ ದೇವರು ಒಂದಿಷ್ಟು ಬಿಡುತ್ತಾನೆ ತಂಗಿ. ಟ್ರಸ್ಟಿನ ಸಭೆ ಬರುವ ವಾರವೇ. ನಾನು ಮತ್ತೆ ಈ ಕಡೆ ಬರುವುದು ಮುಂದಿನ ವರ್ಷ."

ಅಷ್ಟು ವರ್ಷದ ನೆರೆಯಲ್ಲಿ ತಾಯಿ ಮಗಳ ಮರಾಠಿ ನನಗೂ ತಿಳಿಯುತ್ತಿತ್ತು. ಮಗಳು ಮೆಲ್ಲನೆ, "ಆಯೀ, ನಾನು ಬರೀತೇನೆ" ಎಂದಳು. "ಬೇಡ" ಎಂದರು ಮೌಶಿ. ಒಂದೇ ಶಬ್ದ. ಅವಳು ಪೆನ್ನಿನ ಮುಚ್ಚಳ ತೆಗೆದಳು. ಮೌಶಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಆಟೋದವನು ಹಾರನ್ ಹಾಕಿದ. ಅವನನ್ನು ನಿಲ್ಲಿಸಲು ಹಿರಿಯರು ಗೇಟಿಗೆ ಹೋದರು. ಅದೇ ಹೊತ್ತಿಗೆ ಕರೆಂಟು ಹೋಯಿತು. ಆಗಲೇ ಮೋಡ ಕವಿದು ಒಳಗೆಲ್ಲ ಕತ್ತಲು. ಗೂಡಿನ ದೀಪದ ಬೆಳಕು ಮೇಜಿನವರೆಗೆ ಬರುತ್ತಿರಲಿಲ್ಲ. ಮಗಳು ಹಾಳೆಯನ್ನು ಮುಖದ ಹತ್ತಿರ ಎಳೆದುಕೊಂಡು ಬರೆಯುತ್ತಲೇ ಇದ್ದಳು. ಮೊಂಬತ್ತಿ ತರುತ್ತೇನೆ ಎಂದು ನಾನು ಮನೆಗೆ ಓಡಿದೆ. ಉಮ್ಮ ನಮಾಜಿಗೆ ನಿಂತಾಗಿತ್ತು. ಡಬ್ಬಗಳನ್ನೆಲ್ಲ ತಡಕಾಡಿ ಒಂದು ತುಂಡು ಮೊಂಬತ್ತಿ ಹುಡುಕಿಕೊಂಡು ವಾಪಸು ಬಂದು ಬಾಗಿಲಲ್ಲಿ ನಿಂತೆ.

ಮೌಶಿ ಗೂಡಿನಿಂದ ದೀಪವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬರುತ್ತಿದ್ದರು. ಮಗಳ ಬೆನ್ನ ಹಿಂದಿನಿಂದ ಬಂದು, ಹಾಳೆಯ ಪಕ್ಕದಲ್ಲಿ ಸದ್ದಾಗದಂತೆ ಇಟ್ಟರು. ಅವಳು ತಲೆಯೆತ್ತಲಿಲ್ಲ. ಮೌಶಿ ಹಿಂದೆ ಸರಿಯುವಾಗ ನನ್ನನ್ನು ಕಂಡರು. ಹೇಳಬೇಡ ಎಂಬಂತೆ ತಲೆಯಾಡಿಸಿದರು. ಆಮೇಲೆ ಹೋಗಿ ಮೊದಲಿನಂತೆಯೇ ಗೋಡೆಗೆ ಮುಖ ಮಾಡಿ ನಿಂತರು.

ಹಿರಿಯರು ಹಾಳೆ ತೆಗೆದುಕೊಂಡು ಹೊರಟರು. ಮಗಳು ಜಗಲಿಗೆ ಬಂದು ನನ್ನನ್ನು ಅಪ್ಪಿಕೊಂಡಳು. "ನೀನು ದೀಪ ತಂದಿಟ್ಟದ್ದಕ್ಕೆ ಆಯಿತು ಮಾರಾಯ್ತಿ." ನಮ್ಮವರು ಮುಟ್ಟಿದರೆ ಅವರ ಕ್ರಮ ಕೆಡುವುದಿಲ್ಲವಲ್ಲ, ಹಾಗಾಗಿ ಅವಳಿಗೆ ಬೇರೆ ಯೋಚನೆಯೇ ಬರಲಿಲ್ಲ. ಬಾಗಿಲ ಹಿಂದೆ ಮೌಶಿ ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ.

ಸ್ಕಾಲರ್‌ಶಿಪ್ ಬಂತು. ಆ ಪುಟಕ್ಕೆ ಮೊದಲ ಬಹುಮಾನವೂ ಬಂತು. ಬೊಂಬಾಯಿಯ ಸಭೆಯಲ್ಲಿ ಅದನ್ನು ಓದಿ ಹೇಳಿದರಂತೆ. ಶುಕ್ರವಾರದ ದೀಪಕ್ಕೆ ನೆರೆಯ ಮುಸ್ಲಿಂ ಹುಡುಗಿ ಹೊತ್ತು ಹೇಳುವ ಕಥೆಗೆ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಮೌಶಿ ಹೋಗಲಿಲ್ಲ, ಮದುವೆ ಮನೆಯ ರವಿಕೆಗಳಿವೆ ಎಂದರು. ಮಗಳು ಒಬ್ಬಳೇ ಹೋಗಿ ಬಂದಳು. ತಂದ ಫಲಕವನ್ನು ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಶುಕ್ರವಾರ ಅವಳು ದೀಪದ ಹತ್ತಿರ ಬಂದು ನಿಲ್ಲುತ್ತಿರಲಿಲ್ಲ, ಮೌಶಿ ಕರೆಯುತ್ತಲೂ ಇರಲಿಲ್ಲ. ಒಂದೇ ಮನೆಯಲ್ಲಿ ಊಟ, ತಿಂಡಿ, ಮಾತು ಎಲ್ಲ ಇತ್ತು. ಆ ಒಂದು ವಿಷಯ ಬಿಟ್ಟು.

ನಾನು ಒಮ್ಮೆ ತಡೆಯಲಾರದೆ ಕೇಳಿದ್ದೆ, "ಅವಳಿಗೆ ಹೇಳಿಬಿಡಿ ಮೌಶಿ, ಎಂತಕ್ಕೆ ಈ ಹಟ?" ಅವರು ಸೂಜಿಗೆ ನೂಲು ಪೋಣಿಸುತ್ತಿದ್ದರು.

"ಅವಳು ಕ್ರಮ ಮುರಿದಳು. ಮುರಿದದ್ದು ಅವಳಿಗೆ ನೋಯ್ತದೆ. ನಾನೂ ಮುರಿದೆ ಅಂತ ಗೊತ್ತಾದರೆ ಆ ನೋವು ಹೋಗ್ತದೆ. ಅದೂ ಹೋದರೆ ಮತ್ತೆ ಈ ಊರಲ್ಲಿ ಅವಳಿಗೆ ನಮ್ಮದು ಅಂತ ಎಂತ ಉಂಟು? ನೀನು ಹೇಳಬೇಡ."

ನನಗೆ ಅದು ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಆ ಹಟಕ್ಕೆ ನಾನು ಅವರ ಮೇಲೆ ಎಷ್ಟು ಸಿಟ್ಟು ಮಾಡಿದ್ದೇನೋ! ಆದರೆ ಹೇಳುವುದಿಲ್ಲ ಎಂದು ಅವತ್ತು ಮಾತು ಕೊಟ್ಟಿದ್ದೆ, ಉಳಿಸಿಕೊಂಡೆ.

ಹೋದ ವರ್ಷ ಮೌಶಿ ತೀರಿಕೊಂಡರು. ಅವರಲ್ಲಿ ಸಾವಿನ ಪ್ರಾರ್ಥನೆಗೆ ಹತ್ತು ಗಂಡಸರು ಬೇಕಂತೆ. ಈ ಊರಿನಲ್ಲಿ ಹತ್ತು ಮಂದಿ ಎಲ್ಲಿಂದ? ಮಗಳು ಒಬ್ಬಳೇ ನಿಂತು ತನಗೆ ಬಂದಷ್ಟು ಹೇಳಿದಳು. ಅವಳೀಗ ಇಲ್ಲೇ ದೊಡ್ಡ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸ್, ಮನೆ ದೇರೆಬೈಲಿನಲ್ಲಿ.

ಕಳೆದ ವಾರ ಆ ಎಣ್ಣೆಯ ವಾಸನೆ ಬಂದ ದಿನ ಮೆಷಿನನ್ನು ಅಂಗಡಿಯಲ್ಲೇ ಬಿಟ್ಟು ನಾನು ದೇರೆಬೈಲಿಗೆ ಹೋದೆ. ಅವಳು ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು. ಮಾತು ತಿರುಗಿ ತಿರುಗಿ ಮೌಶಿಯ ಹತ್ತಿರವೇ ಬಂತು. "ಕೊನೆಯವರೆಗೆ ಆಯಿ ನನ್ನನ್ನು ಕ್ಷಮಿಸಲಿಲ್ಲ. ಅವತ್ತು ನೀನಾದರೂ ಇದ್ದೆ, ದೀಪ ತಂದಿಟ್ಟೆ," ಎಂದಳು.

ಇನ್ನು ನನ್ನಿಂದ ಆಗಲಿಲ್ಲ. ಮಾತು ತೆಗೆದುಕೊಂಡವರೇ ಇಲ್ಲ...

"ದೀಪ ಇಟ್ಟದ್ದು ನಾನಲ್ಲ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

"ತರುವಾಗ ಆಯಿಯ ಕೈ ನಡುಗ್ತಿತ್ತಾ?"

"ಇಲ್ಲ," ಎಂದೆ. ಅವಳ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ನಾನು ಕಣ್ಣಾರೆ ಕಂಡದ್ದು. ಮೌಶಿಯ ಕೈ ಸ್ವಲ್ಪವೂ ನಡುಗಿರಲಿಲ್ಲ.