ಕಲ್ಲುಗುಂಡಿಯ ಗೊದಮೊಟ್ಟೆಗಳು

ನಲವತ್ತಾರನೇ ಇಸವಿ, ಆಷಾಢದ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಡೆಂಕಣಿಕೋಟೆ ದಾರಿಯ ನಮ್ಮ ಹಳ್ಳಿ ಶಾಲೆಯ ಹಿಂದಿನ ಕಲ್ಲುಗುಂಡಿ. ಇದ್ದವರು ಮೇಷ್ಟ್ರಾದ ನಾನು ಮತ್ತು ನಾಲ್ಕನೇ ತರಗತಿಯ ಮಕ್ಕಳು. ಅದೇ ತರಗತಿಯಲ್ಲಿದ್ದ ನನ್ನ ಮಗಳು ಹಿಂದಿನ ತಿಂಗಳು ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ಕರ್ಮ ಮುಗಿಸಿ ನಾನು ಪಾಠಕ್ಕೆ ಬಂದಿದ್ದೆ. ಬೇರೇನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಗುಂಡಿಯಲ್ಲಿ ಮಳೆನೀರು ನಿಂತಾಗಿನಿಂದ ಮಕ್ಕಳು ಅಲ್ಲೇ ಕಲಿಯುತ್ತಿದ್ದರು. ಮಣಿಸರದಂತೆ ಮೊಟ್ಟೆಯಿಟ್ಟದ್ದು ನೆಲಗಪ್ಪೆ, ಮುದ್ದೆಯಾಗಿ ಇಟ್ಟದ್ದು ನೀರಿನ ಕಪ್ಪೆ ಎಂದು ತೋರಿಸಿದ್ದೆ. ಈಗ ಗೊದಮೊಟ್ಟೆಗಳಿಗೆ ಹಿಂಗಾಲು ಮೂಡಿತ್ತು. ಮುಂಗಾಲಿಗಾಗಿ ಎಲ್ಲರೂ ಕಾಯುತ್ತಿದ್ದರು.

ಆಗ ಸೊಳ್ಳೆ ಕೊಲ್ಲುವ ಎಣ್ಣೆಯ ಡಬ್ಬ ಹೊತ್ತು ಸರ್ಕಾರದ ಆಳು ಬಂದ. ಎಣ್ಣೆ ಹರಡಿದರೆ ನೀರಿನಲ್ಲಿ ಏನೂ ಉಳಿಯುವುದಿಲ್ಲ ಎಂದ.

"ನಮ್ ಮರಿಗಳು ಸತ್ತೋಯ್ತವೆ. ಬ್ಯಾಡ ಅನ್ನಿ ಸಾ" ಎಂದು ಒಬ್ಬಳು ಹುಡುಗಿ ನನ್ನ ಪಂಚೆ ಹಿಡಿದಳು.

"ನಿನ್ ಅತ್ತೆ ಮನೆಯೋರಾ ಅವು?" ಎಂದು ಆಳು ನಕ್ಕ. ಆಮೇಲೆ ನನ್ನತ್ತ ತಿರುಗಿ, "ಒಂದ್ ಮೂಲೆ ಬಿಟ್ಬುಡ್ಲಾ ಮೇಷ್ಟ್ರೇ? ಯಾರೂ ಕೇಳಾಕಿಲ್ಲ" ಎಂದ.

"ಬೇಡ, ಪೂರ್ತಿ ಹಾಕಿ. ಅರ್ಧ ಗಂಟೆ ತಡೀರಿ" ಎಂದೆ.

ಮಕ್ಕಳು ಗೊದಮೊಟ್ಟೆಗಳನ್ನು ನೀರಿನ ಸಮೇತ ಬೊಗಸೆ ಬೊಗಸೆಯಾಗಿ ಎತ್ತಿ ಶಾಲೆಯ ಅಗಲ ಬಾಯಿಯ ಮಣ್ಣಿನ ಬಾನಿಗೆ ತುಂಬಿದರು. ನಾನು ಬಗ್ಗಿ ನೋಡಿದೆ. ಗೊದಮೊಟ್ಟೆಗಳ ನಡುವೆ ದಾರದ ಎಳೆಯಂಥ ಹುಳುಗಳು ನೀರಿನ ಮೇಲೆ ಅಡ್ಡಲಾಗಿ ತೇಲುತ್ತ ಆಗಾಗ ಕುಣಿಯುತ್ತಿದ್ದವು.

"ಅವು ಎಳೇ ಮರಿ ಸಾ, ಇನ್ನೂ ತಲೆ ದಪ್ಪ ಆಗಿಲ್ಲ" ಎಂದಳು ಹುಡುಗಿ.

"ಅಲ್ಲ. ಸೊಳ್ಳೆ ಮರಿ."

"ನಿಮ್ ಮಗಳ್ನ ಕಚ್ಚಿದ್ದು ಇವೇನಾ ಸಾ?" ಒಬ್ಬ ಹುಡುಗ ಕೇಳಿದ.

"ಸುಮ್ಕಿರ್ಲಾ!" ಹುಡುಗಿ ಅವನನ್ನು ತಿವಿದಳು.

"ಇಂಥವೇ" ಎಂದೆ. ಏನೂ ಅನ್ನಿಸಲಿಲ್ಲ. ಅವು ಬಾಲದ ತುದಿಯಿಂದ ಉಸಿರೆಳೆಯಲು ಮೇಲೆ ಬರುವುದನ್ನೂ, ಎಣ್ಣೆ ಆ ದಾರಿಯನ್ನು ಮುಚ್ಚುವುದನ್ನೂ ವಿವರಿಸಿದೆ. ಆಮೇಲೆ ದೊಡ್ಡ ಕಣ್ಣಿನ ಜರಡಿ ತರಿಸಿ ನೀರು ಸೋಸಿದೆ. ಗೊದಮೊಟ್ಟೆಗಳು ಮೇಲುಳಿದವು, ಅವನ್ನು ಒದ್ದೆ ಬಾನಿಗೆ ಮರಳಿ ಹಾಕಿದೆ. ಕೆಳಗಿನ ಬಂಡೆಗೆ ಬಿದ್ದ ಹುಳುಗಳು ಸ್ವಲ್ಪ ಹೊತ್ತು ಒದ್ದಾಡಿ ಒಣಗಿದವು.

ಆಳು ಗುಂಡಿಗೆ ಎಣ್ಣೆ ಹಾಕಿದ. ನೀರಿನ ಮೇಲೆ ಬಣ್ಣ ಹರಡಿತು.

"ಸಿಗದೆ ಉಳಿದ ಮರಿಗಳು, ಸಾ?" ಎಂದು ಹುಡುಗಿ ಕೇಳಿದಳು.

"ಸಾಯುತ್ತವೆ."

ಅವಳು ಅತ್ತಳು. ಬಾವಿಯಿಂದ ಒಂದು ಕೊಡ ನೀರು ತಾ ಎಂದೆ. ಕಣ್ಣು ಒರೆಸಿಕೊಂಡು ತಂದಳು, ಬಾನಿಗೆ ತಾನೇ ಸುರಿದಳು.

ಸಂಜೆ ಶಾಲೆ ಬಿಟ್ಟ ಮೇಲೆ, ಸೊಳ್ಳೆ ಮೊಟ್ಟೆಯಿಡದಂತೆ ಬಾನಿಯ ಬಾಯಿಗೆ ತೆಳುಬಟ್ಟೆ ಹೊದಿಸಿ ಸುತ್ತ ಹುರಿ ಬಿಗಿದೆ.