ಅಪ್ಪನ ಬೆನ್ನಿನ ಗಂಟು

ಮುಂಡರಗಿಯಿಂದ ದೀಪಾವಳಿಗೆ ಬಂದ ಸೋದರತ್ತೆ, ಅಭ್ಯಂಜನಕ್ಕೆ ಕೂತ ಅಪ್ಪನಿಗೆ ಎಣ್ಣೆ ತಿಕ್ಕುತ್ತಿದ್ದವಳು ಗಕ್ಕನೆ ನಿಂತಳು. ಎಡ ಹೆಗಲ ಹಿಂದೆ ನಿಂಬೆಹಣ್ಣಿನಷ್ಟು ಗಂಟು.

“ಅಯ್ಯ, ಇದೇನೋ ಇದು! ಹ್ವಾದ ವರ್ಷ ಇದ್ದಿದ್ದಿಲ್ಲಲ್ಲೋ!”

ಅತ್ತೆ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಎದುರಾಡುವವರಿಲ್ಲ. ಶಿರಹಟ್ಟಿಯ ಶಾಲೆಯಲ್ಲಿ ಮಾಸ್ತರರಾಗಿದ್ದ ಅಪ್ಪ ಆವತ್ತೇ ಸಾಯುವ ತಯಾರಿಗೆ ಕೂತರು. ಹೋಳಿಗೆ ಬಿಟ್ಟರು. ಮ್ಯಾಟ್ರಿಕ್ ಓದುತ್ತಿದ್ದ ನನ್ನನ್ನು ಕರೆದು, ಅವ್ವನನ್ನು ಹೇಗೆ ನೋಡಿಕೊಳ್ಳಬೇಕೆಂದು ದಿನಕ್ಕೆರಡು ಸಲ ಬೋಧಿಸಿದರು. ಸಾಲದ್ದಕ್ಕೆ ಅದನ್ನು ಬಾಯಿಪಾಠ ಒಪ್ಪಿಸು ಎಂದರು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ದನಿಯಲ್ಲೇ ಅಣಕಿಸಿ ಒಪ್ಪಿಸುತ್ತಿದ್ದೆ.

ಗದಗಿನ ಡಾಕ್ಟರು ಗಂಟನ್ನು ಎರಡು ಬೆರಳಲ್ಲಿ ಒತ್ತಿದರು. ಅದು ಮೆತ್ತಗೆ ಅತ್ತಿತ್ತ ಜಾರಿತು. ನೋವೂ ಇರಲಿಲ್ಲ.

“ಕೊಬ್ಬಿನ ಗಂಟು ಇದ್ದಂಗ ಕಾಣ್ತೈತ್ರಿ. ಹಳೇದಾದ್ರ ಏನೂ ಮಾಡೂದಿಲ್ಲ. ಆದ್ರ ಒಂದ ವರ್ಷದಾಗ ಇಷ್ಟ ಬೆಳದೈತಿ ಅಂದ್ರ ಕೊಯ್ದು ನೋಡಬೇಕಾಕೈತಿ. ಖಾತ್ರಿ ಮಾಡ್ಕೊಂಡು ಬರ್ರಿ.”

ತನ್ನ ಬೆನ್ನು ತನಗೆ ಕಾಣದು. ಅಪ್ಪ ಸದಾ ಬನಿಯನ್ ತೊಟ್ಟಿರುವವರು. ಅವ್ವನನ್ನು ಕೇಳಿದರೆ ನಾಚಿಕೊಂಡು ಒಳಗೆ ಹೋದಳು. ಆಪರೇಷನ್ನಿಗೆ ಒಂದು ಸಡಿಲ ಅಂಗಿ ಇರಲೆಂದು ಅಪ್ಪ ದರ್ಜಿ ಚಾಚಾನ ಅಂಗಡಿಗೆ ಹೊರಟರು. ನಾನೂ ಹಿಂದೆ ಹೋದೆ.

“ಎಡಕ್ಕ ಸ್ವಲ್ಪ ಸಡ್ಲ ಬಿಡ್ರಿ ಚಾಚಾ. ಹೊಸಾ ಗಂಟೊಂದು ಎದ್ದೈತಿ,” ಎಂದರು ಅಪ್ಪ, ಮೆಲ್ಲಗೆ.

ಚಾಚಾ ನಕ್ಕುಬಿಟ್ಟರು. “ಹೊಸಾದೆಲ್ಲಿದ್ರಿ ಮಾಸ್ತರ್ರ? ನಿಮ್ಮ ಲಗ್ನದ ಕೋಟು ಹೊಲಿದಾಗೂ ಇತ್ತು. ಎರಡೂ ಕಡೆ ಸಮ ಕಾಣ್ಲಿ ಅಂತ ಬಲಕ್ಕ ಹತ್ತಿ ತುಂಬಿದ್ದೆ.”

“ಒಂದ ಮಾತು ಹೇಳಬಾರದೇನ್ರಿ?”

“ಗಿರಾಕಿ ಮೈಯಾಗ ಕಂಡದ್ದನ್ನ ಅಂಗಿಯೊಳಗ ಮುಚ್ಚೂದಷ್ಟ ನಮ್ಮ ಕೆಲಸ್ರಿ. ಹೇಳಿದ್ರ ಮನಸ್ಸಿಗೆ ಹಚ್ಗೋತಾರ.”

ಖರೆಯೋ ಸುಳ್ಳೋ ನೋಡೇಬಿಡೋಣವೆಂದು ನಾನು ಮನೆಗೆ ಓಡಿ ಟ್ರಂಕಿನಿಂದ ಆ ಕೋಟು ತಂದೆ. ಚಾಚಾ ಬಲ ಹೆಗಲ ಅಸ್ತರು ಬಿಚ್ಚಿದರು. ಹಳದಿಗಟ್ಟಿದ ಹತ್ತಿಯ ಉಂಡೆ ಹೊರಬಂತು. ಅದನ್ನು ಅಪ್ಪನ ಗಂಟಿನ ಪಕ್ಕ ಹಿಡಿದು ನೋಡಿದರು. ಒಂದೇ ಅಳತೆ.

“ಗಂಟು ಇದ್ದಷ್ಟ ಐತ್ರಿ,” ಎಂದರು ಚಾಚಾ, ಟೇಪನ್ನು ಅಪ್ಪನ ಸೊಂಟಕ್ಕೆ ಸುತ್ತುತ್ತ. “ಹೊಟ್ಟಿ ಮಾತ್ರ ಆರ ಬೆರಳು ಬೆಳದೈತಿ.”

ಅಪ್ಪ ಆ ಹೊಟ್ಟೆ ಕುಣಿಯುವಂತೆ ನಕ್ಕರು. ನಾನು ಆ ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದು, ಅಂಗಡಿಯ ಮೆಟ್ಟಿಲ ಮೇಲೆ ಕೂತು, ಬಜಾರಿನ ಜನ ನೋಡುತ್ತಿದ್ದರೂ ಲೆಕ್ಕಿಸದೆ ಹೋ ಎಂದು ಅತ್ತುಬಿಟ್ಟೆ.