‘ಬಳಸಬೇಡಿ’ ಎಂದು ಹೇಳಿದ್ದ ಮಾತು

ಕಂಪನಿಯಲ್ಲಿ ಎಲ್ಲರೂ ಅವಳನ್ನು ಬಾಯಕ್ಕ ಎನ್ನುತ್ತಿದ್ದರು. ಹೊಸದಾಗಿ ಸೇರಿದವರು ಹೆಸರು ಕೇಳಿ, ಇವಳು ಜಗಳಗಂಟಿ ಇರಬೇಕೆಂದು ಎರಡು ಕುರ್ಚಿ ಬಿಟ್ಟು ಕೂರುತ್ತಿದ್ದರು. ವಾರ ಕಳೆದರೂ ಅವಳಿಂದ ನಾಲ್ಕು ಮಾತು ಹೊರಡದಿದ್ದಾಗ ನನ್ನ ಹತ್ತಿರ ಬಂದು ಈ ಹೆಸರೇಕೆ ಎಂದು ಕೇಳುತ್ತಿದ್ದರು. ಪಕ್ಕದ ಮೇಜಿನಲ್ಲಿ ಕೂತು ಕಾಡು, ಕೆರೆ, ಆಕಾಶಗಳಿಗೆ ಬಣ್ಣ ಹಚ್ಚುತ್ತಿದ್ದ ನಾನೇ ವಿವರಿಸಬೇಕಾಗುತ್ತಿತ್ತು.

ನಮ್ಮದು ಮಕ್ಕಳ ಟಿವಿಗೆ ಕಾರ್ಟೂನ್ ಧಾರಾವಾಹಿ ಮಾಡುವ ಕಂಪನಿ. ಹಳೆಯ ಗೋದಾಮಿನ ಮೇಲಿನ ಮಹಡಿ, ಹದಿನಾಲ್ಕು ಮೇಜು, ಮಳೆ ಬಂದರೆ ಸೋರುವಲ್ಲಿಗೆ ಒಂದು ಬಕೆಟ್ಟು. ಕಾರ್ಟೂನಿನಲ್ಲಿ ಮೊದಲು ಧ್ವನಿ, ಚಿತ್ರ ಆಮೇಲೆ. ಬಾಯಕ್ಕ ಹೆಡ್‌ಫೋನ್ ಹಾಕಿಕೊಂಡು ದಾಖಲಾದ ಧ್ವನಿಯನ್ನು ಕೇಳುತ್ತ, ಸೆಕೆಂಡಿಗೆ ಇಪ್ಪತ್ತೈದು ಚಿತ್ರದ ಲೆಕ್ಕದಲ್ಲಿ, ಯಾವ ಚಿತ್ರದಲ್ಲಿ ಯಾವ ಬಾಯಿ ಎಂದು ಉದ್ದನೆಯ ಹಾಳೆಯ ಮೇಲೆ ಬರೆಯುತ್ತಿದ್ದಳು. ನಮ್ಮಲ್ಲಿದ್ದದ್ದು ಎಂಟೇ ಬಾಯಿ. ತುಟಿ ಮುಚ್ಚಿದ್ದು ಒಂದನೆಯದು. ಪ, ಬ, ಮ ಬಂದರೆ ಅದು. ಅಗಲ ತೆರೆದದ್ದು ಎರಡನೆಯದು. ದುಂಡಗಿನದು ಐದನೆಯದು. ಅಳಿಲು ನಗಲಿ, ಕಪ್ಪೆ ಬೈಯಲಿ, ಎಲ್ಲವೂ ಆ ಎಂಟರಲ್ಲೇ ಆಗಬೇಕು. ಮಾತು ಶುರುವಾಗುವುದಕ್ಕೆ ಒಂದು ಚಿತ್ರ ಮುಂಚೆಯೇ ಬಾಯಿ ತೆರೆಯಬೇಕು, ಇಲ್ಲದಿದ್ದರೆ ಮೂರು ವರ್ಷದ ಮಗುವಿಗೂ ಇದು ಸುಳ್ಳೆಂದು ಗೊತ್ತಾಗುತ್ತದೆ ಎನ್ನುತ್ತಿದ್ದಳು. ಹದಿಮೂರು ವರ್ಷ ಅದೇ ಕೆಲಸ. ಬಸ್ಸಿನಲ್ಲಿ ಎದುರಿಗೆ ಕೂತವರ ಬಾಯಿಯನ್ನೇ ದಿಟ್ಟಿಸಿ ಎರಡು ಸಲ ಬೈಸಿಕೊಂಡೂ ಇದ್ದಳು.

ಅವಳ ಗಂಡ ಬಡಗಿ. ಇಪ್ಪತ್ತು ವರ್ಷ ಮರದ ಪುಡಿಯನ್ನೇ ಉಸಿರಾಡಿದ್ದ. ಶ್ವಾಸಕೋಶ ಕೆಟ್ಟ ಮೇಲೆ ಎಂಟು ತಿಂಗಳು ಎರಡೇ ಕೋಣೆಯ ಆ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಿಡಿದು, ಹಗಲು ರಾತ್ರಿ ಕೆಮ್ಮಿ, ತೀರಿಕೊಂಡ. ಆಗ ಮಗಳಿಗೆ ಆರೂವರೆ. ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಾಳೆ ಎಂದು ಅಪ್ಪನೇ ಅವಳಿಗೆ ಸಾಸಿವೆ ಎಂದು ಹೆಸರಿಟ್ಟಿದ್ದ. ಆ ದಿನಗಳಲ್ಲಿ ಬಾಯಕ್ಕನಿಗೆ ಆಸರೆಯಾಗಿ ನಿಂತವರು ನಮ್ಮ ಡೈರೆಕ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದಾರೆ, ಸಾಸಿವೆಯನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟಿದ್ದಾರೆ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ನ್ಯಾಯವಾಗುವುದಿಲ್ಲ.

ಒಂದೂವರೆ ವರ್ಷ ಕಳೆಯಿತು. ನಮ್ಮ ಧಾರಾವಾಹಿಯಲ್ಲಿ ಆಮೆಯಜ್ಜನಿಗೆ ಧ್ವನಿ ಕೊಡುತ್ತಿದ್ದ ಹಿರಿಯರೊಬ್ಬರು ತೀರಿಹೋದರು. ಬೇರೆ ಧ್ವನಿ ಹಾಕಿ ಮುಂದುವರಿಸಬಹುದಿತ್ತು. ಡೈರೆಕ್ಟರು ಒಪ್ಪಲಿಲ್ಲ. “ಮಕ್ಕಳಿಗೆ ಸುಳ್ಳು ಹೇಳೋದು ಬೇಡ. ಆಮೆಯಜ್ಜ ಸತ್ತ ಅಂತಲೇ ಕತೆ ಮಾಡೋಣ. ಅಳಿಲುಮರಿಗೆ ಅದು ಹೇಗನಿಸುತ್ತೆ ಅಂತ ತೋರಿಸೋಣ” ಎಂದರು. ಅದಕ್ಕಾಗಿ ಸೋಮವಾರದ ಬೈಠಕ್ಕು ಸೇರಿತು.

ಸೋಮವಾರದ ಬೈಠಕ್ಕು ನಮ್ಮಲ್ಲಷ್ಟೇ ಇದ್ದ ಪದ್ಧತಿ. ಹೊಸ ಕಂತಿಗೆ ಮೊದಲು ಡೈರೆಕ್ಟರೂ ಸೇರಿ ಎಂಟು ಜನ ಬಾಗಿಲು ಹಾಕಿಕೊಂಡು ಕೂತು, ಒಬ್ಬೊಬ್ಬರೂ ತಮ್ಮ ಬದುಕಿನ ಒಂದು ನಿಜ ಹೇಳಬೇಕು. ಕೊನೆಗೆ ‘ಬಳಸಬಹುದು’ ಎಂದರೆ ಡೈರೆಕ್ಟರು ಬರೆದುಕೊಳ್ಳುತ್ತಿದ್ದರು. ‘ಬಳಸಬೇಡಿ’ ಎಂದರೆ ಪೆನ್ನನ್ನು ಮೇಜಿನ ಮೇಲಿಟ್ಟು ಬಿಡುತ್ತಿದ್ದರು. ನಿಯಮ ಮಾಡಿದವರು ಅವರೇ. ನಮ್ಮ ಕತೆಗಳಲ್ಲಿ ಜೀವ ಇದೆ ಎಂದು ಜನ ಹೊಗಳುತ್ತಿದ್ದರೆ ಅದಕ್ಕೆ ಆ ಕೋಣೆಯೇ ಕಾರಣ.

ವರ್ಷಗಟ್ಟಲೆ ‘ನಂದೇನಿಲ್ಲ ಸರ್’ ಎಂದು ದಾಟಿಸುತ್ತಿದ್ದ ಬಾಯಕ್ಕ ಅವತ್ತು ಬಾಯಿಬಿಟ್ಟಳು. ಹಿಂದಿನ ವಾರವಷ್ಟೇ ಮಗಳು ಅವಳಿಗೆ ಹೇಳಿದ್ದ ಮಾತು ಅದು. “ಅಪ್ಪ ಕೆಮ್ಮುವಾಗ ನಾನು ಕಿವಿ ಮುಚ್ಕೊಂಡೆ. ನಿಲ್ಲಲಿ, ನಿಲ್ಲಲಿ ಅಂದ್ಕೊಂಡೆ. ನಿಂತೇಹೋಯ್ತು.” ಯಾರಿಗೂ ಹೇಳುವುದಿಲ್ಲ ಎಂದು ಅಮ್ಮನಿಂದ ಎರಡು ಸಲ ಮಾತು ತೆಗೆದುಕೊಂಡು ಆಮೇಲೆ ಹೇಳಿದ್ದಳಂತೆ. ತಾನು ಅದಕ್ಕೆ ಏನೆಂದು ಸಮಾಧಾನ ಮಾಡಿದೆ ಎನ್ನುವುದನ್ನೂ ಬಾಯಕ್ಕ ಹೇಳಿದಳು. ನಂತರ ಸೆರಗಿನಿಂದ ಮುಖ ಒರೆಸಿಕೊಂಡು, “ಬಳಸಬೇಡಿ ಸರ್” ಎಂದಳು. ಡೈರೆಕ್ಟರು ಪೆನ್ ಕೆಳಗಿಟ್ಟರು. ಅದನ್ನು ನಾವೆಲ್ಲ ಕಣ್ಣಾರೆ ಕಂಡೆವು.

(ಈ ಮಾತನ್ನು ಇಲ್ಲಿ ಬರೆಯಬಹುದೇ ಎಂದು ನಾನು ಸಾಸಿವೆಯನ್ನು ಕೇಳಿದ್ದೇನೆ. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. “ಊರಿಗೆಲ್ಲ ಗೊತ್ತಾಗಿರೋದೇ ಅಲ್ವಾ ಆಂಟಿ, ಬರೀರಿ” ಎಂದಳು.)

ಆರು ವಾರದ ನಂತರ ಆ ಕಂತಿನ ಧ್ವನಿ ಬಾಯಕ್ಕನ ಮೇಜಿಗೆ ಬಂತು. ನಾನು ಪಕ್ಕದಲ್ಲೇ ಇದ್ದೆ. ಅವಳು ಎಂದಿನಂತೆ ಪೆನ್ಸಿಲ್ ಚೂಪು ಮಾಡಿಕೊಂಡಳು, ಹೆಡ್‌ಫೋನ್ ಹಾಕಿದಳು, ಹಾಳೆಯ ಮೇಲೆ ಅಂಕಿಗಳನ್ನು ಇಳಿಸುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಪೆನ್ಸಿಲ್ ನಿಂತಿತು. ಧ್ವನಿಯನ್ನು ಹಿಂದಕ್ಕೆ ತಿರುಗಿಸಿ ಕೇಳಿದಳು. ಮತ್ತೆ ತಿರುಗಿಸಿದಳು. ತನ್ನ ಕಿವಿಯನ್ನೇ ನಂಬದವಳ ಹಾಗೆ ಹನ್ನೊಂದು ಸಲ ಕೇಳಿದ್ದಾಗಿ ಆಮೇಲೆ ಹೇಳಿದಳು. ಅಳಿಲುಮರಿ ಅಳುತ್ತ ಹೇಳುತ್ತಿತ್ತು: “ಅಜ್ಜ ಕೆಮ್ಮುವಾಗ ನಾನು ಕಿವಿ ಮುಚ್ಕೊಂಡೆ. ನಿಲ್ಲಲಿ, ನಿಲ್ಲಲಿ ಅಂದ್ಕೊಂಡೆ. ನಿಂತೇಹೋಯ್ತು.” ಅದಕ್ಕೆ ಕಪ್ಪೆಯಮ್ಮ, “ಕೆಮ್ಮಿಗೆ ಕಿವಿ ಇಲ್ಲ ಕಂದ. ನೀನು ಅಂದ್ಕೊಂಡಿದ್ದು ಅದಕ್ಕೆ ಕೇಳಿಸೇ ಇಲ್ಲ” ಎನ್ನುತ್ತಿತ್ತು. ಬಾಯಕ್ಕ ಮಗಳಿಗೆ ಹೇಳಿದ್ದ ಸಮಾಧಾನವೂ ಅಕ್ಷರ ಬಿಡದಂತೆ ಬಂದಿತ್ತು. ಅಪ್ಪ ಇದ್ದಲ್ಲಿ ಅಜ್ಜ. ಅಷ್ಟೇ ಬದಲು.

ಅವಳು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡೇ ಡೈರೆಕ್ಟರ ಕೋಣೆಗೆ ಹೋದಳು. ತಂತಿ ಹಿಂದೆ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಬಾಗಿಲು ತೆರೆದೇ ಇತ್ತು; ಹದಿನಾಲ್ಕು ಮೇಜಿಗೂ ಕೇಳಿಸಿತು.

“ಸರ್, ಇದು ನನ್ನ ಮಗಳ ಮಾತು.”

“ಕೂತ್ಕೊಳ್ಳಿ ಬಾಯಕ್ಕ.”

“ಕೂರಲ್ಲ. ಬಳಸಬೇಡಿ ಅಂದಿದ್ದೆ. ನೀವು ಪೆನ್ ಕೆಳಗಿಟ್ರಿ.”

“ಪೆನ್ ಇಟ್ಟೆ. ತಲೇಲಿ ಉಳ್ಕೊಂಡಿದ್ದನ್ನ ಎಲ್ಲಿಡ್ಲಿ ಹೇಳಿ? ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಏನು ಬರೆದ್ರೂ ಉಪ್ಪಿಲ್ಲದ ಹಾಗೆ.”

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?”

“ಕೇಳಿದ್ರೆ ಬೇಡ ಅಂತಿದ್ರಿ.”

“ಈಗ್ಲೂ ಬೇಡ ಅಂತಿದೀನಿ.”

“ಈಗ ಆಗಲ್ಲ. ಧ್ವನಿ ಮುಗಿದಿದೆ, ದಿನ ಗೊತ್ತಾಗಿದೆ. ಸ್ವಲ್ಪ ಯೋಚನೆ ಮಾಡಿ ಬಾಯಕ್ಕ. ಎಷ್ಟು ಮನೆಗಳಲ್ಲಿ ಮಕ್ಕಳು ಇಂಥದ್ದನ್ನ ಹೊಟ್ಟೇಲಿಟ್ಕೊಂಡು ಕೂತಿರ್ತಾರೆ. ಅವರಿಗೆ ಸಮಾಧಾನ ಬೇಡ್ವಾ?”

“ಅವರಿಗೆ ಸಮಾಧಾನ. ನನ್ನ ಮಗಳಿಗೆ?”

“ಅವಳಿಗೆ ಗೊತ್ತಾಗಲ್ಲ. ಅಜ್ಜ ಅಂತ ಮಾಡಿದೀನಲ್ಲ.”

“ಅವಳು ಅಷ್ಟು ದಡ್ಡಿ ಅಲ್ಲ ಸರ್. ಅಪ್ಪನ್ನ ಅಜ್ಜ ಮಾಡಿದ್ರೆ ಗುರುತು ಸಿಗಲ್ವಾ?”

ಅವರು ಮುಂದಿನ ಕಂತಿನ ಹಾಳೆಗಳನ್ನು ಹತ್ತಿರ ಎಳೆದುಕೊಂಡರು. ಅವಳು ಹೊರಬಂದಳು. ನಾವು ಹದಿಮೂರು ಜನ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದೆವು. ಪೆನ್ ಕೆಳಗಿಟ್ಟದ್ದನ್ನು ಕಂಡಿದ್ದ ನಾನಾದರೂ ಎದ್ದು ಒಂದು ಮಾತು ಆಡಬಹುದಿತ್ತು. ಒಂದು ಮೋಡಕ್ಕೆ ಅವತ್ತು ಮೂರು ಸಲ ಬಣ್ಣ ಹಚ್ಚಿದೆ.

ಮರುದಿನ ಅಳಿಲುಮರಿಗೆ ಧ್ವನಿ ಕೊಡುವ ಹೆಂಗಸು ಬಂದಿದ್ದರು. ಐವತ್ತನಾಲ್ಕು ವರ್ಷ, ಮೊಮ್ಮಕ್ಕಳಿದ್ದಾರೆ, ಮಂಡಿನೋವು. ಬಾಯಿ ತೆರೆದರೆ ಮಾತ್ರ ಐದು ವರ್ಷದ ಮಗು. ಬಾಯಕ್ಕನ ಮೇಜಿಗೆ ಒರಗಿ, “ಆ ಕೆಮ್ಮಿನ ಸಾಲು ಹೇಳುವಾಗ ಎರಡು ಸಲ ಮೈಕ್ ಬಿಟ್ಟು ಹೊರಗೆ ಬಂದೆ ಕಣಮ್ಮ. ಯಾರು ಬರೆದ್ರೋ, ಅವರ ಕಾಲಿಗೆ ಬೀಳ್ಬೇಕು” ಎಂದರು.

“ಬೀಳಿ” ಎಂದಳು ಬಾಯಕ್ಕ. “ಮೂರನೇ ಕ್ಲಾಸಲ್ಲಿದಾಳೆ. ನನ್ನ ಮಗಳೇ.” ಸಿಟ್ಟಿನಲ್ಲಿ ಪೂರ್ತಿ ಹೇಳಿಬಿಟ್ಟಳು. ಹೇಳಿ ಮುಗಿದ ಮೇಲೆ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಗುಟ್ಟು ತಿಳಿದವರ ಲೆಕ್ಕಕ್ಕೆ ಇನ್ನೊಬ್ಬರು ಸೇರಿದ್ದರು.

ಕೆಲಸವನ್ನಂತೂ ಒಪ್ಪಿಸಲೇಬೇಕು. ಉಳಿದ ಸಾಲುಗಳಿಗೆಲ್ಲ ಬಾಯಿ ಬರೆದಳು. ಆ ಸಾಲು ಬಂದಾಗ, ಏಳು ಸೆಕೆಂಡು, ನೂರ ಎಪ್ಪತ್ತೈದು ಚಿತ್ರ, ಹಾಳೆಯ ಪ್ರತಿ ಮನೆಯಲ್ಲೂ ‘೧’ ಎಂದು ಬರೆದಳು. ತುಟಿ ಮುಚ್ಚಿದ ಬಾಯಿ. ಧ್ವನಿ ಬರಲಿ, ಬಾಯಿ ಅಲುಗದಿರಲಿ. ತಪ್ಪೆಂದು ವಾಪಸು ಬಂದರೆ ‘ನಾನು ಮಾಡಲ್ಲ’ ಎಂದು ಹೇಳಿ ಎದ್ದು ಹೋಗುವುದು ಎಂದು ತೀರ್ಮಾನಿಸಿದ್ದಳು. ಮಾತಿನಲ್ಲಿ ಜಗಳ ಆಡಲು ಬಾರದವಳು ತನಗೆ ಬರುವ ಕೆಲಸದಲ್ಲೇ ಜಗಳ ಆಡಿದ್ದಳು.

ಹಾಳೆ ವಾಪಸು ಬರಲಿಲ್ಲ. ಹತ್ತು ದಿನದ ಮೇಲೆ ತಯಾರಾದ ದೃಶ್ಯವನ್ನು ಎಲ್ಲರೂ ಕೂತು ನೋಡಿದೆವು. ಮುಚ್ಚಿದ ಬಾಯಿಯ ಅಳಿಲುಮರಿ ಮರದ ಬುಡದಲ್ಲಿ ಆಮೆಯಜ್ಜ ಇರುತ್ತಿದ್ದ ಖಾಲಿ ಪೊಟರೆಯನ್ನು ನೋಡುತ್ತಿದೆ, ಧ್ವನಿ ಅದರ ಎದೆಯೊಳಗಿಂದ ಬರುತ್ತಿರುವ ಹಾಗಿದೆ. ದೀಪ ಹಾಕಿದಾಗ ಇಬ್ಬರು ಮೂಗು ಒರೆಸಿಕೊಳ್ಳುತ್ತಿದ್ದರು. ಡೈರೆಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು.

“ಬಾಯಕ್ಕ, ಎಂಥ ಐಡಿಯಾ ರೀ! ಹೇಳಲಾಗದ ಮಾತು, ಅದಕ್ಕೆ ಬಾಯೇ ಇಲ್ಲ!”

“ಐಡಿಯಾ ಅಲ್ಲ ಸರ್. ನಾನು ಆ ಕೆಲಸ ಮಾಡಿಲ್ಲ, ಅಷ್ಟೇ.”

“ಮಾಡದೇ ಇರೋದೇ ಇಲ್ಲಿ ಕಲೆ!” ಎಂದು ಅವರು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು.

ಅವಳು ಎದ್ದು ಹೋಗಲಿಲ್ಲ. “ಬೈದಿದ್ರೆ ಹೋಗ್ತಿದ್ದೆ” ಎಂದಳು ನನಗೆ. “ಹೊಗಳಿದ್ರಲ್ಲ, ಕಾಲೇ ಬರಲಿಲ್ಲ.” ಆಮೇಲೆ ಆ ಕಂತಿಗೆ ಪ್ರಶಸ್ತಿ ಬಂತು, ಮಕ್ಕಳ ಕಾಗದಗಳು ಚೀಲಗಟ್ಟಲೆ ಬಂದವು. ಕೆಲವು ಕಾಗದ ಓದಿ ನಾನೂ ಅತ್ತಿದ್ದೇನೆ. ಡೈರೆಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲ. ಬಾಯಕ್ಕ ಒಂದನ್ನೂ ಮುಟ್ಟಲಿಲ್ಲ. ಮುಂದೆ ಎರಡು ವರ್ಷ ಅದೇ ಮೇಜಿನಲ್ಲಿ ಕೆಲಸ ಮಾಡಿ ಬೇರೆ ಕಡೆ ಹೋದಳು. ಆದರೆ ಅವಳ ಬದುಕಿನ ಬಗ್ಗೆ ಬರೆಯುವಾಗ ಬರೆಯಲೇಬೇಕಾದದ್ದು ಕಂತು ಪ್ರಸಾರವಾಗುವ ಹಿಂದಿನ ದಿನದ್ದು. ಅದನ್ನು ಅವಳೇ ನನಗೆ ಹೇಳಿದಳು.

ಸಾಸಿವೆ ಒಂದು ಭಾನುವಾರವೂ ನಮ್ಮ ಧಾರಾವಾಹಿಯನ್ನು ತಪ್ಪಿಸುತ್ತಿರಲಿಲ್ಲ. ಮಗಳು ಟಿವಿಯ ಮುಂದೆ ಒಬ್ಬಳೇ ಕೂತು ತನ್ನ ಮಾತನ್ನು ಅಳಿಲಿನ ಬಾಯಲ್ಲಿ ಕೇಳುವುದಕ್ಕಿಂತ ಮೊದಲು ತಾನೇ ಹೇಳಬೇಕೆಂದು ಬಾಯಕ್ಕ ಶನಿವಾರ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿದಳು. ಇಬ್ಬರೂ ನೆಲದ ಮೇಲೆ ಕೂತು ಶಾಲೆಯ ಹೊಸ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕುತ್ತಿದ್ದರು.

“ಸಾಸಿವೆ, ನಿಂಗೊಂದು ವಿಷಯ ಹೇಳ್ಬೇಕು.”

“ಮೊದಲು ಟೇಪ್ ಹಿಡ್ಕೋ.”

ಟೇಪ್ ಹಿಡಿದುಕೊಂಡೇ ಹೇಳಿದಳು. ನೀನು ನಂಗೆ ಹೇಳಿದ ಕೆಮ್ಮಿನ ಮಾತು ನಾಳೆ ಟಿವಿಯಲ್ಲಿ ಬರುತ್ತೆ. ನಾನು ಆಫೀಸಲ್ಲಿ ಹೇಳಿದ್ದೆ. ಬಳಸಬೇಡಿ ಅಂದಿದ್ದೆ, ಅವರು ಬಳಸಿದ್ರು.

ಹುಡುಗಿ ಕತ್ತರಿ ಕೆಳಗಿಟ್ಟಳು. “ಅವರು ಬಳಸಿದ್ದು ಆಮೇಲೆ. ನೀನು ಯಾಕೆ ಹೇಳ್ದೆ?”

ಬಾಯಕ್ಕ ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ತಿಂಗಳಿಂದ ಅವಳು ಡೈರೆಕ್ಟರನ್ನೇ ಮನಸ್ಸಿನಲ್ಲಿ ಕಟಕಟೆಗೆ ನಿಲ್ಲಿಸಿ ಬೈದಿದ್ದಳು. “ಒಬ್ಬಳೇ ಹೊರೋಕೆ ಆಗ್ಲಿಲ್ಲ ಕಣೆ” ಎಂದಳು.

“ನಾನು ಹೊತ್ತಿರ್ಲಿಲ್ವಾ? ನೀನು ಯಾರಿಗೂ ಹೇಳಲ್ಲ ಅಂದಿದ್ದೆ. ಎರಡು ಸಲ. ಎಷ್ಟು ಜನಕ್ಕೆ ಹೇಳ್ದೆ?”

“ಏಳು ಜನಕ್ಕೆ.” ತಡೆದು, “ಅಲ್ಲ, ಎಂಟು” ಎಂದಳು.

“ಯಾರ್ಯಾರು?”

ಒಬ್ಬೊಬ್ಬರ ಹೆಸರೂ ಹೇಳಬೇಕಾಯಿತು. ನನ್ನ ಸರದಿ ಬಂದಾಗ ಸಾಸಿವೆ, “ಬಣ್ಣದ ಆಂಟಿಗೂನಾ? ಅದಕ್ಕೇ ಅವರು ನಂಗೆ ದೊಡ್ಡ ಪೇಂಟ್ ಡಬ್ಬಿ ಕೊಟ್ಟಿದ್ದು! ನಾನು ಚೆನ್ನಾಗಿ ಚಿತ್ರ ಬಿಡಿಸ್ತೀನಿ ಅಂತ ಅಂದ್ಕೊಂಡಿದ್ದೆ” ಎಂದಳಂತೆ. ಬಾಯಕ್ಕ ಇದನ್ನು ಹೇಳಿದಾಗ ನನಗೆ ಅವಳ ಮುಖ ನೋಡಲಾಗಲಿಲ್ಲ. ಹುಡುಗಿ ಊಹಿಸಿದ್ದು ಸರಿಯಾಗಿತ್ತು.

ಹೆಸರುಗಳೆಲ್ಲ ಮುಗಿದ ಮೇಲೆ ಸಾಸಿವೆ ಕೇಳಿದಳು, “ಅದರಲ್ಲಿ ಅಳಿಲಿಗೆ ಯಾರಾದ್ರೂ ಏನಾದ್ರೂ ಹೇಳ್ತಾರಾ?”

“ಕಪ್ಪೆಯಮ್ಮ ಹೇಳುತ್ತೆ. ಕೆಮ್ಮಿಗೆ ಕಿವಿ ಇಲ್ಲ ಅಂತ.”

“ಅದು ನಂದು!” ಸಾಸಿವೆ ಆಗ ಮಾತ್ರ ಅತ್ತಳು. ತಾನು ಹೇಳಿದ್ದು ಹೊರಗೆ ಹೋಯಿತೆಂದು ಅಳಲಿಲ್ಲ. ತನಗೆ ಹೇಳಿದ್ದೂ ಹೋಯಿತಲ್ಲ ಎಂದು ಅತ್ತಳು. ಹೆದರಿಕೆ ಆದಾಗಲೆಲ್ಲ ಅದನ್ನೇ ಹೇಳಿಕೊಳ್ಳುತ್ತಿದ್ದಳಂತೆ. ಬಾಯಕ್ಕ ಹತ್ತಿರ ಸರಿದಾಗ ಮೊಣಕೈಯಿಂದ ದೂಡಿದಳು.

ಅತ್ತು ಮುಗಿದ ಮೇಲೆ, “ಅದು ಈಗ ಎಲ್ಲರದ್ದೂ ಆಯ್ತು. ನಂಗೆ ಬೇರೆ ಹೇಳು” ಎಂದಳು.

“ಬೇರೆ ಏನು?”

“ನಂಗೇನು ಗೊತ್ತು? ನೀನು ಅಮ್ಮ. ಬೇರೆ ಹೇಳು.”

ಬಾಯಕ್ಕ ಕೈಯಲ್ಲಿದ್ದ ಪುಸ್ತಕಕ್ಕೆ ಹೊದಿಕೆ ಹಾಕಿ ಮುಗಿಸಿದಳು. ನಂತರ ಹೇಳಿದಳು. ಗಂಡ ಹಾಸಿಗೆ ಹಿಡಿದಿದ್ದ ದಿನಗಳದ್ದೇ ಒಂದು ವಿಷಯವಂತೆ, ತನ್ನದೇ ಒಂದು ತಪ್ಪಿನದು. ಅಷ್ಟು ಮಾತ್ರ ನನಗೆ ಗೊತ್ತು. ಮುಂದೆ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಾಸಿವೆ ಪೂರ್ತಿ ಕೇಳಿಸಿಕೊಂಡಳು. “ಇದನ್ನ ಆಫೀಸಲ್ಲಿ ಹೇಳಿದ್ಯಾ?”

“ಇಲ್ಲ.”

“ಹೇಳ್ತೀಯಾ?”

“ಯಾರಿಗೂ ಹೇಳಲ್ಲ ಸಾಸಿವೆ.”

“ಆವತ್ತೂ ಹೀಗೇ ಅಂದಿದ್ದೆ” ಎಂದಳು ಮಗಳು. ಗಣಿತದ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಅಮ್ಮ ಚಾಚಿದ ಟೇಪನ್ನು ತೆಗೆದುಕೊಳ್ಳದೆ, ಕಾಗದವನ್ನು ಒಬ್ಬಳೇ ಮಡಿಸತೊಡಗಿದಳು.